ಮಾವನ ಕಾಲಿನ ಸಮಾಚಾರ

ಕಟ್ಟೆಮಳಲವಾಡಿ
ಜುಲೈ 14, 2024

ಚಿ. ಬೃಂದಾಳಿಗೆ ನಿನ್ನ ಸೋದರಮಾವ ಚೆಲುವಯ್ಯನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಾನು ಎಲ್ಲರಿಗಿಂತ ಒಂದು ತೂಕ ಹೆಚ್ಚು ಕ್ಷೇಮ.

ನೀನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಔಷಧ ವಿಭಾಗಕ್ಕೆ ಸೇರಿದಾಗಿನಿಂದ ವಿಡಿಯೋ ಫೋನು ಮಾಡಿ “ಮಾವ, ಕಾಲು ತೋರಿಸಿ” ಎನ್ನುವ ಹೊಸ ರೋಗ ಹತ್ತಿಸಿಕೊಂಡಿದ್ದೀಯ. ಊರಿನ ಜನಕ್ಕೆ ನನ್ನ ಮುಖ ಸಾಕು, ನಿನಗೆ ಪಾದದ ದರ್ಶನವೇ ಆಗಬೇಕು. ನಾನೇನು ಬೆಟ್ಟದ ಮೇಲಿನ ದೇವರೇ? ಆದ್ದರಿಂದ ಇನ್ನು ಮೇಲೆ ಫೋನು ಬಂದ್, ಕಾಗದ ಶುರು. ಇನ್ನೊಂದು ಕಾರಣವೂ ಇದೆ. ಫೋನಿನಲ್ಲಿ ನಾನು ಒಂದು ಮಾತು ಆಡಿದರೆ ನಿನ್ನ ಸುನಂದತ್ತೆ ಪಕ್ಕದಲ್ಲೇ ನಿಂತು ಅದನ್ನು ತಿದ್ದುತ್ತಾಳೆ. ಕಾಗದದಲ್ಲಿ ನನ್ನನ್ನು ತಿದ್ದುವವರು ಯಾರೂ ಇಲ್ಲ. ಏಳನೇ ಕ್ಲಾಸಿನಲ್ಲಿ ನನ್ನ ಅಕ್ಷರ ನೋಡಿ ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡಿದ್ದರು, ಅದು ನಿನಗೆ ಗೊತ್ತಿರಲಿ.

ಈಗ ವಿಷಯಕ್ಕೆ ಬರುತ್ತೇನೆ. ಹುಣಸೂರಿನ ಡಾಕ್ಟರು ಹೋದ ತಿಂಗಳು ನನ್ನ ಹಳೇ ಸಕ್ಕರೆ ಮಾತ್ರೆಯ ಜೊತೆಗೆ ಹೊಸದೊಂದು ಕೊಟ್ಟರು. ಇದು ಮೈಯಲ್ಲಿರುವ ಸಕ್ಕರೆಯನ್ನು ಮೂತ್ರದ ದಾರಿಯಲ್ಲಿ ಆಚೆಗೆ ಅಟ್ಟುತ್ತದಂತೆ. ನಾನು ನಂಬಲಿಲ್ಲ. ಆದರೆ ಕೊಟ್ಟಿಗೆ ಹಿಂದೆ ನಾನು ಹೋಗಿ ಬಂದ ಜಾಗಕ್ಕೆ ಮಾರನೇ ದಿನದಿಂದ ಇರುವೆ ಸಾಲು. ಅದೂ ಎಂಥ ಸಾಲು, ರೇಷನ್ ಅಂಗಡಿಯ ಮುಂದೂ ಅಷ್ಟು ಶಿಸ್ತು ಕಾಣೆ. ನನ್ನ ಜೊತೆಗಾರ ಲಿಂಗಣ್ಣನಿಗೂ ಅದೇ ಮಾತ್ರೆ ಕೊಟ್ಟಿದ್ದಾರೆ. ಅವನ ಜಾಗಕ್ಕೆ ಬರುವ ಇರುವೆ ನನ್ನದರ ಅರ್ಧವೂ ಇಲ್ಲ. ಪಾಪ, ಹೊಟ್ಟೆ ಉರಿದುಕೊಳ್ಳುತ್ತಾನೆ.

ಮೈ ಇಳಿದಿದೆ. ಪಂಚೆಯನ್ನು ಒಂದು ಸುತ್ತು ಹೆಚ್ಚಿಗೆ ಸುತ್ತಬೇಕು. ಓಡಾಟಕ್ಕೆ ಏನೂ ಕಡಿಮೆಯಿಲ್ಲ, ಆದರೆ ಹೊಲಕ್ಕೆ ಹೋಗುವುದು ಮೊದಲಿಗಿಂತ ತಡವಾಗುತ್ತಿದೆ. ಕಾರಣ ನನ್ನ ಜನಪ್ರಿಯತೆ. ಅರಳಿಮರದ ಹತ್ತಿರ ಒಬ್ಬ ನಿಲ್ಲಿಸುತ್ತಾನೆ, ಡೈರಿ ಮುಂದೆ ಇನ್ನೊಬ್ಬ, ಮೋರಿಯ ಹತ್ತಿರ ಯಾರೂ ಇಲ್ಲದಿದ್ದರೂ ಯಾರಾದರೂ ಬಂದಾರು ಎಂದು ನಾನೇ ನಿಲ್ಲುತ್ತೇನೆ. ಒಂದಿಷ್ಟು ಮಾತಾಡಿದರೆ ಕಾಲಿಗೂ ಹೊಸ ಹುರುಪು. ಲಿಂಗಣ್ಣ ಮೊನ್ನೆ, “ಏನ್ಲಾ ಚೆಲುವ, ಕೆಂಪು ಬಸ್ಸಾಗ್ಬುಟ್ಟಿದ್ದೀಯಲ್ಲ, ಸ್ಟಾಪು ಬಂದಂಗೆಲ್ಲ ನಿಲ್ತೀಯ” ಅಂದ. ಜನ ಕೈ ಅಡ್ಡ ಹಾಕಿದರೆ ಒಳ್ಳೆಯ ಬಸ್ಸು ನಿಲ್ಲಲೇಬೇಕು ಎಂದೆ.

ಹೊಗೆಸೊಪ್ಪು ಚೆನ್ನಾಗಿ ಬಂದಿದೆ. ಇನ್ನು ಸ್ವಲ್ಪ ದಿನದಲ್ಲಿ ಮುರಿದು, ಬೆಂಕಿಯ ಶಾಖದಲ್ಲಿ ಒಣಗಿಸಲು ಬ್ಯಾರನ್ನಿಗೆ ಹಾಕುತ್ತೇವೆ. ಆ ಕೆಲಸದಲ್ಲಿ ನನ್ನ ಸಮ ಈ ಹೋಬಳಿಯಲ್ಲಿ ಯಾರಿದ್ದಾರೆಂದು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ, ನೀನೇ ಊಹಿಸಿಕೋ.

ನಿನ್ನ ಮಾವ,
ಚೆಲುವಯ್ಯ

*

ಹುಬ್ಬಳ್ಳಿ
ಜುಲೈ 22, 2024

ಪ್ರೀತಿಯ ಮಾವನಿಗೆ ಬೃಂದಾಳ ನಮಸ್ಕಾರಗಳು.

ನಿಮ್ಮ ಕಾಗದವನ್ನು ಹಾಸ್ಟೆಲಿನಲ್ಲಿ ನಾಲ್ಕು ಜನಕ್ಕೆ ಓದಿ ಹೇಳಿದೆ. ಇರುವೆಯ ಸಾಲಿನ ಹತ್ತಿರ ಬಂದಾಗ ಎಲ್ಲರೂ ನಕ್ಕರು. ಸಕ್ಕರೆ ಇಳಿಯುತ್ತಿದೆ, ತೂಕ ಇಳಿಯುತ್ತಿದೆ, ಹೊಲಕ್ಕೆ ನಡೆದು ಹೋಗುತ್ತಿದ್ದೀರಿ ಎಂದರೆ ನನಗೆ ಇನ್ನೇನು ಬೇಕು? ನಿಮ್ಮ ಜನಪ್ರಿಯತೆಗೆ ಯಾರ ದೃಷ್ಟಿಯೂ ತಾಗದಿರಲಿ.

ಆದರೂ ಔಷಧ ಓದಿದವಳು, ಒಂದು ಮಾತು ಹೇಳಲೇಬೇಕು. ನಿಮಗೆ ಕೊಟ್ಟಿರುವ ಜಾತಿಯ ಮಾತ್ರೆಗಳಲ್ಲಿ ಒಂದರ ಬಗ್ಗೆ ಕೆಲವು ವರ್ಷಗಳ ಹಿಂದೆ ಹೊರದೇಶದಲ್ಲಿ ದೊಡ್ಡ ಅಧ್ಯಯನ ನಡೆದಿತ್ತು. ಅದನ್ನು ನುಂಗಿದವರಲ್ಲಿ ಕಾಲ್ಬೆರಳು, ಪಾದ ಕತ್ತರಿಸಬೇಕಾಗಿ ಬಂದವರು ಉಳಿದವರಿಗಿಂತ ಹೆಚ್ಚಿಗೆ ಕಂಡರು. ಅದರಲ್ಲೂ ಕಾಲಿಗೆ ರಕ್ತ ಸರಿಯಾಗಿ ಹರಿಯದವರು, ಮೊದಲೇ ಗಾಯವಾಗಿದ್ದವರು ಜೋಪಾನವಾಗಿರಬೇಕು ಎಂದು ಎಚ್ಚರಿಕೆ ಕೊಟ್ಟಿದ್ದರು.

ಆಮೇಲೆ ನಡೆದ ಅಧ್ಯಯನಗಳಲ್ಲಿ ಅಂಥ ಅಪಾಯ ಅಷ್ಟಾಗಿ ಕಾಣಲಿಲ್ಲ. ಹೃದಯಕ್ಕೂ ಕಿಡ್ನಿಗೂ ಈ ಮಾತ್ರೆಗಳಿಂದ ಒಳ್ಳೆಯದೇ ಆಗುತ್ತದೆ. ಆದ್ದರಿಂದ ದಯವಿಟ್ಟು ನೀವಾಗಿ ನೀವೇ ನಿಲ್ಲಿಸಬೇಡಿ. ಮುಂದಿನ ಸಲ ಹೋದಾಗ ಡಾಕ್ಟರಿಗೆ ಪಾದ ತೋರಿಸಿ, ಕಾಲಿನ ನಾಡಿ ನೋಡಿ ಎಂದು ಕೇಳಿ. ಬೀಡಿ ಸೇದುತ್ತೀರೆಂಬುದನ್ನೂ ಹೇಳಿ. ನನ್ನೆದುರು ಬಿಟ್ಟಿದ್ದೇನೆ ಅನ್ನುತ್ತೀರಿ, ಅಂಗಿಯ ವಾಸನೆ ಬೇರೆಯೇ ಹೇಳುತ್ತದೆ.

ಅತ್ತೆಗೆ ನಮಸ್ಕಾರ ತಿಳಿಸಿ.

ಬೃಂದಾ

*

ಕಟ್ಟೆಮಳಲವಾಡಿ
ಆಗಸ್ಟ್ 2, 2024

ಚಿ. ಬೃಂದಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದ ದಿನ ನಮ್ಮೂರಿಗೆ ಗೌರವ ಬಂದಂತಾಯಿತು. ಟೀ ಅಂಗಡಿಯಲ್ಲಿ ಎದ್ದು ನಿಂತು ಓದಿದೆ. ಹೊರದೇಶ, ಅಧ್ಯಯನ ಎನ್ನುವ ಪದಗಳು ಬಂದ ಕೂಡಲೇ ಬೋಂಡ ಕರಿಯುತ್ತಿದ್ದವನೂ ಜಾಲರಿ ಎತ್ತಿ ಹಿಡಿದು ನಿಂತುಬಿಟ್ಟ. ಬೆರಳು ಕತ್ತರಿಸುವ ಜಾಗಕ್ಕೆ ಬಂದಾಗ ನಾನು ಧ್ವನಿ ತಗ್ಗಿಸಿದೆ. ನಾಟಕದಲ್ಲಿ ಪಾರ್ಟು ಮಾಡಿದವನಿಗೆ ಎಲ್ಲಿ ತಗ್ಗಿಸಬೇಕೆಂದು ಹೇಳಿಕೊಡಬೇಕೇ? ಜನ ಲೊಚ್ಚಗುಟ್ಟಿದರು. ಹಾಳೆಯ ಹಿಂಬದಿ ತಿರುಗಿಸುವಷ್ಟರಲ್ಲಿ ಟೀ ಬಂತು, ಓದುವುದು ಅಲ್ಲಿಗೆ ನಿಂತಿತು.

ಲಿಂಗಣ್ಣ ಬೆವರಿಹೋದ. “ಅಂಗಾರೆ ಇದು ಬೆರಳು ತಿನ್ನೋ ಮಾತ್ರೆನಾ?” ಎಂದು ಕೇಳಿದ. ನಮ್ಮ ಬೃಂದಾ ಬರೆದ ಮೇಲೆ ಎರಡನೇ ಮಾತಿಲ್ಲ ಎಂದೆ. ಅವನೋ ಪುಕ್ಕಲ. ಡಾಕ್ಟರನ್ನು ಕೇಳದೆ ಏನೂ ಮಾಡುವುದಿಲ್ಲವೆಂದು ಮಾರನೇ ದಿನವೇ ಹುಣಸೂರಿನ ಬಸ್ಸು ಹತ್ತಿದ. ಅಲ್ಲಿ ಅವನ ಪಾದ ಮುಟ್ಟಿ, ಹಿಮ್ಮಡಿ ಒತ್ತಿ, ಏನೇನೋ ನೋಡಿ, ನಿನಗೇನೂ ತೊಂದರೆಯಿಲ್ಲ, ಮಾತ್ರೆ ನುಂಗು, ಪಾದ ದಿನಾ ನೋಡಿಕೋ ಎಂದು ಕಳಿಸಿದರಂತೆ. ಈಗ ಸಂಜೆ ಹೊತ್ತು ಜಗಲಿ ಮೇಲೆ ಕೂತು ಹೆಂಡತಿಯ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಾನೆ. ಗಂಡಸು!

ನನ್ನ ವಿಷಯ ನನಗೆ ಬಿಡು. ಎಲ್ಲ ನೋಡಿಕೊಂಡಿದ್ದೇನೆ. ಬೆಳಿಗ್ಗೆ ಹಾಗಲಕಾಯಿ ರಸ, ಸಂಜೆ ನೇರಳೆ ಬೀಜದ ಪುಡಿ. ಕೊಟ್ಟಿಗೆ ಹಿಂದಿನ ಇರುವೆಗಳು ಬರುವುದನ್ನು ನಿಲ್ಲಿಸಿವೆ. ಸಕ್ಕರೆ ಪೂರ್ತಿ ಖಾಲಿಯಾಗಿರಬೇಕು.

ಈಗ ಹೊಲಕ್ಕೆ ನಡೆದು ಹೋಗುವುದನ್ನು ಬಿಟ್ಟಿದ್ದೇನೆ. ಟಿ.ವಿ.ಎಸ್. ಗಾಡಿ ಮನೆಯಲ್ಲಿ ಸುಮ್ಮನೆ ನಿಂತು ತುಕ್ಕು ಹಿಡಿಯುತ್ತಿತ್ತು, ಅದಕ್ಕೂ ಗಾಳಿ ಆಡಲಿ ಎಂದು. ನೀನು ಬೇರೆ ಅರ್ಥ ಮಾಡಬೇಡ.

ನಿನ್ನ ಮಾವ

*

ಹುಬ್ಬಳ್ಳಿ
ಆಗಸ್ಟ್ 10, 2024

ಮಾವನಿಗೆ ನಮಸ್ಕಾರ.

ಈ ಸಲ ನಗು ಬರಲಿಲ್ಲ.

ಆ ಮಾತ್ರೆ ಕೆಲಸ ಮಾಡುತ್ತಿದ್ದರೆ ಸಕ್ಕರೆ ಮೂತ್ರಕ್ಕೆ ಬರಲೇಬೇಕು, ಇರುವೆ ಬರಲೇಬೇಕು. ಇರುವೆ ಬರುವುದು ನಿಂತಿದೆ ಎಂದರೆ ನೀವು ಮಾತ್ರೆ ನಿಲ್ಲಿಸಿದ್ದೀರಿ. ಹೊಸದೊಂದನ್ನೇ ನಿಲ್ಲಿಸಿದಿರೋ, ಹಳೆಯದನ್ನೂ ಸೇರಿಸಿಯೋ? ಹಾಗಲಕಾಯಿ ರಸದ ಮಾತು ನೋಡಿದರೆ ಎರಡನ್ನೂ ಎಂದು ಭಯವಾಗುತ್ತಿದೆ. ನನ್ನ ಕಾಗದದ ಮೊದಲ ಪುಟ ಓದಿ ಟೀ ಕುಡಿದಿರಿ. ಮುಖ್ಯವಾದದ್ದು ಹಾಳೆಯ ಹಿಂಬದಿಯಲ್ಲಿತ್ತು. ನಿಮ್ಮನ್ನು ಬಲ್ಲವಳಾಗಿ ಅದನ್ನು ನಾನು ಮೊದಲೇ ಬರೆಯಬೇಕಿತ್ತು.

ಇನ್ನೊಂದು ವಿಷಯ. ಮೊನ್ನೆ ನಮ್ಮ ಆಸ್ಪತ್ರೆಗೆ ಕುಂದಗೋಳದ ಕಡೆಯ ಒಬ್ಬರು ಬಂದಿದ್ದರು. ಸಂತೆಯಲ್ಲಿ ಅಂಗಡಿ ಅಂಗಡಿಗೂ ನಿಂತು ನಿಂತು ಹೋಗುತ್ತೇನೆ, ನಿಂತರೆ ಮೀನಖಂಡದ ನೋವು ಹೋಗುತ್ತದೆ, ನಡೆದರೆ ಮತ್ತೆ ಹಿಡಿಯುತ್ತದೆ ಎಂದರು. ಡಾಕ್ಟರು ಕೂಡಲೇ ಅವರ ಕಾಲಿನ ನಾಡಿ ನೋಡಿದರು. ಕಾಲಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಿದ್ದರೆ ಹೀಗೇ ಆಗುತ್ತದಂತೆ. ನಾನು ಅಲ್ಲೇ ನಿಂತಿದ್ದೆ. ನನ್ನ ಕಣ್ಣೆದುರು ಅರಳಿಮರ, ಡೈರಿ, ಮೋರಿ ಬಂದವು. ಮೋರಿಯ ಹತ್ತಿರ ಯಾರೂ ಇಲ್ಲದಿದ್ದರೂ ನೀವು ಯಾಕೆ ನಿಲ್ಲುತ್ತೀರಿ ಮಾವ? ನಾನು ಅದನ್ನು ಓದಿ ನಕ್ಕಿದ್ದೆ.

ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳಿ. ನಡೆಯುವಾಗ ನೋವಿದೆಯೇ? ಪಾದ ತಣ್ಣಗಿರುತ್ತದೆಯೇ? ಗಾಯವಿದೆಯೇ?

ಹಳೆಯ ಮಾತ್ರೆಯನ್ನು ಇವತ್ತೇ ಶುರು ಮಾಡಿ. ಹೊಸದರ ಬಗ್ಗೆ ಡಾಕ್ಟರನ್ನು ಕೇಳಿ. ಫೋನು ಎತ್ತಿ.

ಬೃಂದಾ

*

ಕಟ್ಟೆಮಳಲವಾಡಿ
ಆಗಸ್ಟ್ 13, 2024

ಚಿ. ಬೃಂದಾಳಿಗೆ ಆಶೀರ್ವಾದಗಳು.

ನಿನ್ನಿಂದ ಉತ್ತರವಿಲ್ಲ. ನನ್ನ ಕಾಗದ ಓದಿ ಬೆರಗಾಗಿ ಕೂತಿದ್ದೀಯ ಎಂದುಕೊಂಡಿದ್ದೇನೆ.

ಬ್ಯಾರನ್ನಿಗೆ ಬೆಂಕಿ ಹಾಕಿದೆವು. ಈ ವರ್ಷ ಸೊಪ್ಪಿಗೆ ಎಂಥ ಬಣ್ಣ ಬಂದಿದೆಯೆಂದರೆ, ಕಡ್ಡಿಯ ಮೇಲೆ ನೇತಾಡುವುದನ್ನು ನೋಡಿದರೆ ಮದುವೆ ಮನೆಯ ಮುಂದೆ ಚಿನ್ನದ ತೋರಣ ಕಟ್ಟಿದಂತೆ. ಶಾಖ ಏರಿಸುವುದು, ಇಳಿಸುವುದು ಎಲ್ಲ ನನ್ನ ಕೈಯಲ್ಲಿ. ಬೇರೆಯವರು ಥರ್ಮಾಮೀಟರು ನೋಡುತ್ತಾರೆ, ಥರ್ಮಾಮೀಟರು ನನ್ನನ್ನು ನೋಡುತ್ತದೆ.

ಜಡಿಮಳೆ ಬಿಟ್ಟಿಲ್ಲ. ಪಾದ ಎರಡೂ ಬಾವಿಯಿಂದ ಎತ್ತಿದ ಕಲ್ಲಿನಂತೆ ತಣ್ಣಗೆ ಆಗಿಬಿಡುತ್ತವೆ. ಅದಕ್ಕೂ ಉಪಾಯ ಮಾಡಿದ್ದೇನೆ. ಬ್ಯಾರನ್ನಿನ ಒಲೆಯ ಬಾಯಿಗೆ ಎದುರಾಗಿ ಮಣೆ ಹಾಕಿಕೊಂಡು, ಕಾಲು ನೀಡಿ ಕೂರುತ್ತೇನೆ. ರಾಜರಿಗೂ ಈ ಸುಖ ಇದ್ದಿರಲಾರದು. ನಿನ್ನೆ ಸಂಜೆ ಹೀಗೇ ಕೂತಿದ್ದಾಗ ಸುನಂದ ಕಾಫಿ ತಂದವಳು, “ಏನ್ರೀ ಇದು, ಏನೋ ಸುಟ್ ವಾಸ್ನೆ ಬತ್ತಾ ಅದೆ” ಅಂದಳು. ಸೊಪ್ಪಿನ ವಾಸನೆ ಎಂದೆ. ಅವಳು ಆಚೆ ಹೋದ ಮೇಲೆ ನೋಡಿದರೆ ಎಡಗಾಲಿನ ಎರಡನೇ ಬೆರಳಿನ ಸಂದಿಗೆ ಒಂದು ಕೆಂಡ ಸಿಡಿದು ಕೂತಿದೆ! ನನಗೆ ಚುರುಕ್ಕೂ ಅನ್ನಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಊರಿಗೆಲ್ಲ ಕೇಳುವಂತೆ ಕಿರುಚುತ್ತಿದ್ದರು. ಬೆಂಕಿಗೂ ನನ್ನನ್ನು ಕಂಡರೆ ಸ್ವಲ್ಪ ಮುಲಾಜಿದೆ.

ಒಂದು ಬೊಬ್ಬೆ ಎದ್ದಿದೆ, ಅಷ್ಟೇ. ಅರಿಶಿನ ಹಚ್ಚಿ, ಬಟ್ಟೆ ಸುತ್ತಿ, ಮೇಲೆ ಕಾಲುಚೀಲ ಹಾಕಿದ್ದೇನೆ. ನಿನ್ನತ್ತೆ ಕೇಳಿದ್ದಕ್ಕೆ ಪೇಟೆಯ ಫ್ಯಾಷನ್ ಎಂದಿದ್ದೇನೆ.

ಒಳ್ಳೆಯ ಸುದ್ದಿ ಏನೆಂದರೆ ಇರುವೆಗಳು ತಿರುಗಿ ಬಂದಿವೆ, ಮೊದಲಿಗಿಂತ ಜಾಸ್ತಿ. ಅದೂ ಮಾತ್ರೆಯೇ ಇಲ್ಲದೆ! ಇದಕ್ಕೆ ನಿನ್ನ ಹೊರದೇಶದವರು ಏನನ್ನುತ್ತಾರೆ?

ನಿನ್ನ ಮಾವ

*

ಹುಬ್ಬಳ್ಳಿ
ಆಗಸ್ಟ್ 19, 2024

ಮಾವ,

ಈಗ ತಾನೇ ನಿನ್ನ ಕಾಗದ ಕೈಗೆ ಬಂತು. ನಿಂತೇ ಬರೆಯುತ್ತಿದ್ದೇನೆ.

ಮಾತ್ರೆಯಿಲ್ಲದೆ ಇರುವೆ ಬಂದಿದೆ ಎಂದರೆ ಮೈಯಲ್ಲಿ ಸಕ್ಕರೆ ತುಂಬಿ ತಾನೇ ಉಕ್ಕುತ್ತಿದೆ. ಕೆಂಡ ಬಿದ್ದರೂ ಗೊತ್ತಾಗಲಿಲ್ಲ ಎಂದರೆ ಬೆಂಕಿಗೆ ಮುಲಾಜಲ್ಲ, ನಿನ್ನ ಪಾದಕ್ಕೆ ಜೀವವಿಲ್ಲ. ರಕ್ತ ಹರಿಯದ ಕಾಲಿನಲ್ಲಿ ಸುಟ್ಟ ಗಾಯ ತಾನಾಗಿ ಮಾಯುವುದಿಲ್ಲ. ಕಾಲು ಹೋಗುತ್ತದೆ ಮಾವ. ನಾನು ದಿನಾ ನೋಡುತ್ತಿದ್ದೇನೆ. ನಿನಗೆ ಬೇಜಾರಾಗುತ್ತದೆಂದು ಇಷ್ಟು ದಿನ ಅದನ್ನೆಲ್ಲ ಬರೆಯಲಿಲ್ಲ.

ಮೂರು ಸಲ ಅತ್ತೆಯ ಫೋನಿಗೆ ಮಾಡಿದೆ. ಮೂರು ಸಲವೂ ನೀನೇ ಎತ್ತಿ, ಚೆನ್ನಾಗಿದ್ದೀನಿ ಎಂದು ಇಟ್ಟೆ. ಈ ಕಾಗದ ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ. ಓದಿದ ಕೂಡಲೇ ಕಾಲುಚೀಲ ಬಿಚ್ಚಿ ಅತ್ತೆಗೆ ತೋರಿಸು. ನೀನೇ ತೋರಿಸು. ನೀನು ತೋರಿಸದಿದ್ದರೆ ಭಾನುವಾರ ನಾನು ಲಿಂಗಣ್ಣನವರಿಗೆ ಫೋನು ಮಾಡಿ ಎಲ್ಲ ಹೇಳುತ್ತೇನೆ. ಅವರು ಟೀ ಅಂಗಡಿಯಲ್ಲಿ ನಿಂತು ಹೇಳುತ್ತಾರೆ.

ಇವತ್ತೇ ಹೊರಡು.

ಬೃಂದಾ

*

ಮೈಸೂರು
ಆಗಸ್ಟ್ 25, 2024

ಬೃಂದಾ,

ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಚೆನ್ನಾಗಿಲ್ಲ.

ನಿನ್ನ ಕಾಗದ ಓದಿ ಕಾಲುಚೀಲ ಬಿಚ್ಚಿದೆ. ಬೆರಳು ಕಪ್ಪಾಗಿತ್ತು. ವಾಸನೆ ಬರುತ್ತಿತ್ತು. ಸುನಂದಳನ್ನು ಕರೆದು ತೋರಿಸಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಹೊಸಿಲ ಮೇಲೆ ಕೂತು ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮದುವೆಯಾದಾಗಿನಿಂದ ಅವಳು ಅಷ್ಟು ಹೊತ್ತು ಮಾತಾಡದೆ ಕೂತಿದ್ದನ್ನು ನಾನು ನೋಡಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಣಸೂರಿನಲ್ಲಿ ಡಾಕ್ಟರು ನೋಡಿದ ತಕ್ಷಣ ಇಲ್ಲಿಗೆ ಕಳಿಸಿದರು. ಸಕ್ಕರೆ ಮೀಟರಿನಲ್ಲಿ ಅಂಕಿಯೇ ಬರಲಿಲ್ಲ, ಇಂಗ್ಲಿಷಿನಲ್ಲಿ ಏನೋ ಬಂತು, ಸಕ್ಕರೆ ಅಳತೆ ಮೀರಿದರೆ ಹಾಗೆ ಬರುತ್ತದಂತೆ. ಈಗ ಇನ್ಸುಲಿನ್ ಹಾಕುತ್ತಿದ್ದಾರೆ. ಗಾಯ ಒಳಗೆ ಎಷ್ಟು ಇಳಿದಿದೆಯೋ ನೋಡಬೇಕು, ಬೆರಳಿಗೇ ನಿಲ್ಲುತ್ತದೆಂದು ಹೇಳಲಾಗುವುದಿಲ್ಲ, ಪಾದದ ಗಂಟಿನವರೆಗೂ ತೆಗೆಯಬೇಕಾಗಬಹುದು ಎಂದು ಡ್ಯೂಟಿ ಡಾಕ್ಟರು ಸುನಂದಳಿಗೆ ಹೇಳಿದರು. ನಾನು ನಿದ್ದೆ ಮಾಡಿದ್ದೇನೆ ಎಂದುಕೊಂಡು ಹೇಳಿದರು.

ಏನಾದರೂ ತಮಾಷೆ ಬರೆಯಬೇಕೆಂದು ನೋಡಿದೆ. ತೋಚುತ್ತಿಲ್ಲ.

ನೀನು ನನ್ನನ್ನು “ನೀನು” ಎಂದು ಬರೆದಿದ್ದೆ. ಚಿಕ್ಕವಳಿದ್ದಾಗ ಹಾಗೇ ಕರೆಯುತ್ತಿದ್ದೆ. ಹಾಗೇ ಇರಲಿ.

ಚೆಲುವಯ್ಯ

*

ಹುಬ್ಬಳ್ಳಿ
ಆಗಸ್ಟ್ 27, 2024

ಮಾವ,

ಶನಿವಾರ ರಜೆ ಸಿಕ್ಕಿದೆ, ಹೊರಟು ಬರುತ್ತೇನೆ. ಅಷ್ಟರಲ್ಲಿ ಈ ಕಾಗದ ನಿನಗೆ ಸಿಗಲಿ. ಫೋನಿನಲ್ಲಿ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಫೋನಿನಲ್ಲಿ ನೀನು ಎಲ್ಲಕ್ಕೂ ಹೂಂ ಅನ್ನುತ್ತೀಯ, ಆಮೇಲೆ ನಿನ್ನ ಇಷ್ಟದಂತೆ ಮಾಡುತ್ತೀಯ.

ಎಷ್ಟು ಕತ್ತರಿಸಬೇಕು ಎನ್ನುವುದಕ್ಕೆ ಮುಂಚೆ, ಕಾಲಿಗೆ ರಕ್ತ ಎಷ್ಟು ಇಳಿಯುತ್ತಿದೆ ಎಂದು ನೋಡಬೇಕು. ಎಷ್ಟೋ ಸಲ ಕಟ್ಟಿಕೊಂಡ ರಕ್ತನಾಳವನ್ನು ತೆರೆಯಬಹುದು. ತೆರೆದರೆ ಗಾಯ ಮಾಯುತ್ತದೆ, ಕಾಲು ಉಳಿಯುತ್ತದೆ. ನಾನು ನಿನ್ನ ವಾರ್ಡಿನ ಡಾಕ್ಟರ ಜೊತೆ ಮಾತಾಡಿದ್ದೇನೆ. ರಕ್ತನಾಳ ನೋಡುವ ಡಾಕ್ಟರು ನಾಳಿದ್ದು ಬಂದು ನಿನ್ನನ್ನು ಕೇಳುತ್ತಾರಂತೆ. ಅವರಿಗೆ ಎಲ್ಲ ಹೇಳು. ನಡೆದರೆ ಎಲ್ಲಿ ನೋವು, ಎಷ್ಟು ದಿನದಿಂದ, ಬೀಡಿ, ಮಾತ್ರೆ ಬಿಟ್ಟದ್ದು, ಒಲೆ. ನೀನು ಆರೋಗ್ಯವಂತ ಎಂದು ಅವರೆದುರು ಒಂದೇ ಒಂದು ಸುಳ್ಳು ಹೇಳಿದರೂ ಅವರು ಅದನ್ನು ನಂಬಿ ಕೆಲಸ ಮಾಡುತ್ತಾರೆ. ಅವರಿಗೆ ನೀನು ಗೊತ್ತಿಲ್ಲ, ನನಗೆ ಗೊತ್ತು.

ನಾನೂ ಒಂದು ಹೇಳಬೇಕು. ಆ ಅಧ್ಯಯನದ ವಿಚಾರವನ್ನು ಕಾಗದದಲ್ಲಿ ಬರೆದು ಕೈತೊಳೆದುಕೊಂಡದ್ದು ನನ್ನ ತಪ್ಪು. ನಾನು ತಿಳಿದವಳೆಂದು ತೋರಿಸಿಕೊಳ್ಳುವ ಆಸೆ ನನಗೂ ಇತ್ತು. ನಿನ್ನ ಸೋದರಸೊಸೆಯಲ್ಲವೇ.

ಬೃಂದಾ

*

ಮೈಸೂರು
ಸೆಪ್ಟೆಂಬರ್ 14, 2024

ಚಿ. ಬೃಂದಾಳಿಗೆ ಆಶೀರ್ವಾದಗಳು.

ನೀನು ಬಂದು ಹೋದ ಮೇಲೆ ವಾರ್ಡಿನಲ್ಲಿ ನನ್ನ ಬೆಲೆ ಏರಿದೆ. ಔಷಧದ ಮೇಡಂ ಅವರ ಮಾವ ಎಂದು ನರ್ಸುಗಳು ಮಾತಾಡಿಸುತ್ತಾರೆ. ನನ್ನಿಂದ ನಿನಗೆ ಹೆಸರು ಬರಬೇಕಿತ್ತು, ಉಲ್ಟಾ ಆಯಿತು.

ನೀನಿದ್ದಾಗ ಸುನಂದ ಪಕ್ಕದಲ್ಲೇ ಇದ್ದಳು, ಒಂದು ವಿಷಯ ಹೇಳಲಾಗಲಿಲ್ಲ. ಆ ರಕ್ತನಾಳದ ಡಾಕ್ಟರು ಬಂದ ದಿನದ್ದು. ವಯಸ್ಸಿನಲ್ಲಿ ನಿನಗಿಂತ ಸ್ವಲ್ಪ ದೊಡ್ಡವರಿರಬೇಕು, ತೆಳ್ಳಗಿನ ಹೆಂಗಸು. ಪಾದದ ಮೇಲೆ ಜೆಲ್ಲು ಸವರಿ ಒಂದು ಸಣ್ಣ ಯಂತ್ರ ಒತ್ತಿದರು. ಬಲಗಾಲಿಗೆ ಒತ್ತಿದಾಗ ಗಾಳಿ ಬೀಸಿದಂತೆ ಸುಯ್ ಸುಯ್ ಎಂದಿತು. ಎಡಗಾಲಿಗೆ ಒತ್ತಿದರು, ಸದ್ದಿಲ್ಲ. ಜಾಗ ಬದಲಿಸಿದರು, ಸದ್ದಿಲ್ಲ. ಆ ಯಂತ್ರ ಕೆಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಡಾಕ್ಟರು ನಡೆಯುವಾಗ ಏನಾದರೂ ತೊಂದರೆಯೇ ಎಂದು ಕೇಳಿದರು. ನನ್ನ ಬಾಯಿ ಅಭ್ಯಾಸಬಲದಿಂದ, ಹೊಲವನ್ನೆಲ್ಲ ಒಂದೇ ಉಸಿರಿಗೆ ಸುತ್ತುತ್ತೇನೆ ಎಂದಿತು. ಅವರು ಅದನ್ನೇ ಬರೆದುಕೊಳ್ಳಲು ಪೆನ್ನು ಎತ್ತಿದರು. ಆ ಪೆನ್ನು ನೋಡಿ ನನಗೆ ನಿನ್ನ ಮಾತು ನಿಜವೆನಿಸಿತು, ಇವರು ನಂಬಿಬಿಡುತ್ತಾರಲ್ಲ! ಟೀ ಅಂಗಡಿಯಲ್ಲಿ ನಾನು ಏನು ಹೇಳಿದರೂ ಅರ್ಧ ಕಳೆದು ಕೇಳಿಸಿಕೊಳ್ಳುತ್ತಾರೆ, ಅದಕ್ಕೇ ನಾನೂ ಎರಡರಷ್ಟು ಹೇಳುತ್ತೇನೆ. ಇಲ್ಲಿ ಕಳೆಯುವವರಿಲ್ಲ.

“ಬರೀಬೇಡಿ ಅಮ್ಮ,” ಎಂದೆ. “ಅದು ಸುಳ್ಳು. ಮನೆಯಿಂದ ಅರಳಿಮರದ ಗಂಟಾನೂ ನಡ್ಯಾಕಾಯ್ತಿರ್ಲಿಲ್ಲ. ಮೀನಖಂಡ ಹಿಡ್ಕಂಬುಡ್ತಿತ್ತು. ಹೋದ ವರ್ಸದಿಂದ್ಲೂ ಅಂಗೇಯ.”

ಹೋದ ವರ್ಷದಿಂದ ಎಂದಾಗ ಸುನಂದ ನನ್ನ ಕಡೆ ತಿರುಗಿದಳು. ನಾನು ಗೋಡೆ ನೋಡಿಕೊಂಡು ಉಳಿದದ್ದನ್ನೂ ಹೇಳಿದೆ. ಬೀಡಿ ದಿನಕ್ಕೆ ಒಂದು ಕಟ್ಟು, ಎರಡು ಮಾತ್ರೆಯನ್ನೂ ಬಿಟ್ಟದ್ದು, ಒಲೆಯ ಮುಂದೆ ಕಾಲು ನೀಡಿದ್ದು. ಹೇಳಿ ಮುಗಿಸಿದ ಮೇಲೆ ಡಾಕ್ಟರು ಇಷ್ಟನ್ನು ನೀವು ಮೊದಲು ಯಾರಿಗೂ ಹೇಳಲಿಲ್ಲವೇ ಎಂದರು. ಸುನಂದ ಬಾಯಿಬಿಟ್ಟಳು. “ಇವ್ರು ಊರಿಗೆಲ್ಲ ಮಾತಾಡೋ ಗಂಡ್ಸು ಕಣಮ್ಮ. ಮನೇಗೆ ಮಾತ್ರ ಏನೂ ಹೇಳಾಕಿಲ್ಲ.” ಅಷ್ಟು ಹೇಳಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಬೆರಳು ತೆಗೆದದ್ದಕ್ಕಿಂತ ಅದು ಜಾಸ್ತಿ ನೋವಾಯಿತು ಎಂದು ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಆಮೇಲಿನದು ನಿನಗೇ ಗೊತ್ತು. ತೊಡೆಸಂದಿಯಿಂದ ತಂತಿ ತೂರಿಸಿ, ಮೊಣಕಾಲಿನ ಹತ್ತಿರ ಕಟ್ಟಿಕೊಂಡಿದ್ದ ನಾಳದೊಳಗೆ ಬಲೂನು ಊದಿ ದಾರಿ ಮಾಡಿದರು. ಎಚ್ಚರವಾಗಿಯೇ ಇದ್ದೆ. ಸಂಜೆ ಅದೇ ಡಾಕ್ಟರು ಬಂದು ಯಂತ್ರ ಒತ್ತಿದಾಗ ಎಡಗಾಲಿನಲ್ಲೂ ಸುಯ್ ಎಂದಿತು. ಸುನಂದ ಕೈಯಿಟ್ಟು ನೋಡಿ “ಬೆಚ್ಗದೆ” ಎಂದಳು. ಸತ್ತಿದ್ದ ಆ ಒಂದು ಬೆರಳನ್ನು ಆಮೇಲೆ ತೆಗೆದರು. ಪಾದ ಉಳಿಯಿತು. ಗಂಟು ಉಳಿಯಿತು.

ನಾನು ಡಾಕ್ಟರನ್ನು ಕೇಳಿದೆ, ಬೆರಳು ತಿಂದದ್ದು ಆ ಮಾತ್ರೆಯೇ ಎಂದು. ಅವರು ನಕ್ಕರು. ಮಾತ್ರೆಯ ಮೇಲೆ ಹೊರಿಸಲು ತನ್ನ ಹತ್ತಿರ ಆಧಾರವಿಲ್ಲ, ನಾಳ ಕಟ್ಟಿದ್ದು ಹೋದ ವರ್ಷವೇ, ಬೀಡಿಯೂ ಸಕ್ಕರೆಯೂ ಸೇರಿ, ಅದರ ಮೇಲೆ ಕೆಂಡ ಎಂದರು. ಆದರೂ ನನ್ನಂಥ ಕಾಲಿನವನಿಗೆ, ಅದರಲ್ಲೂ ಗಾಯವಿರುವಾಗ, ಆ ಜಾತಿಯ ಮಾತ್ರೆ ಸದ್ಯಕ್ಕೆ ಬೇಡ, ಬೇರೆ ಕೊಡುತ್ತೇವೆ, ಮುಂದೆ ನೋಡೋಣ ಎಂದರು. ಲಿಂಗಣ್ಣನಿಗೆ ಅದೇ ಸರಿ, ನನಗೆ ಇದೇ ಸರಿ. ಒಂದೇ ಊರು, ಒಂದೇ ಬಸ್ಸು, ಕಾಲು ಮಾತ್ರ ಬೇರೆ ಬೇರೆ. ಬಿಡುವುದಿದ್ದರೆ ನಮ್ಮನ್ನು ಕೇಳಿ ಬಿಡಿ, ಟೀ ಅಂಗಡಿಯನ್ನು ಕೇಳಿ ಅಲ್ಲ ಎಂದೂ ಸೇರಿಸಿದರು. ಟೀ ಅಂಗಡಿಯ ವಿಚಾರ ಅವರಿಗೆ ಹೇಳಿದ್ದು ಯಾರೆಂದು ನಾನು ಕೇಳುವುದಿಲ್ಲ.

ಮಂಗಳವಾರ ಮನೆಗೆ ಕಳಿಸುತ್ತಾರಂತೆ.

ನಿನ್ನ ಮಾವ

*

ಹುಬ್ಬಳ್ಳಿ
ಅಕ್ಟೋಬರ್ 6, 2024

ಮಾವ,

ಅತ್ತೆ ಫೋಟೋ ಕಳಿಸಿದ್ದರು. ಗಾಯ ಕೆಂಪಗೆ, ಚೊಕ್ಕಟವಾಗಿದೆ. ನಿನ್ನ ಪಾದದ ಫೋಟೋವನ್ನು ಇಷ್ಟು ಹೊತ್ತು ಯಾರೂ ನೋಡಿರಲಾರರು.

ಬೀಡಿ ಬಿಟ್ಟಿದ್ದೀಯ ಎಂದು ಅತ್ತೆ ಹೇಳಿದರು. ನೀನು ಹೇಳಿದ್ದರೆ ನಂಬುತ್ತಿರಲಿಲ್ಲ. ಗಾಯ ಒಣಗಿದ ಮೇಲೆ ಡಾಕ್ಟರು ಹೇಳಿದಷ್ಟು ನಡೆ. ನೋವು ಬಂದರೆ ನಿಲ್ಲು, ನಿಂತದ್ದಕ್ಕೆ ಕಾರಣ ಹುಡುಕಬೇಡ. ಮನೆಯೊಳಗೂ ಚಪ್ಪಲಿ ಹಾಕಿಕೊಂಡೇ ಓಡಾಡು. ಬರಿಗಾಲಲ್ಲಿ ಎಲ್ಲಿಯೂ ಇಲ್ಲ, ಎಲ್ಲಿಯೂ ಅಂದರೆ ಎಲ್ಲಿಯೂ.

ಬೃಂದಾ

*

ಕಟ್ಟೆಮಳಲವಾಡಿ
ಜನವರಿ 5, 2025

ಚಿ. ಬೃಂದಾಳಿಗೆ ಸೋದರಮಾವನ ಆಶೀರ್ವಾದಗಳು.

ನಾಲ್ಕು ತಿಂಗಳಾಗುತ್ತ ಬಂತು ಕಾಗದ ಬರೆದು. ನಡೆಯುವುದರಲ್ಲಿ ಬಿಡುವಿರಲಿಲ್ಲ. ಹೊಲದವರೆಗೆ ಹೋಗಿ ಬರುತ್ತೇನೆ. ಹೋಗುವಾಗ ಒಂದು ಕಡೆ ನಿಲ್ಲುತ್ತೇನೆ, ಬರುವಾಗ ನಿಲ್ಲುವುದಿಲ್ಲ. ಇದು ಬಡಾಯಿಯಲ್ಲ, ಸುನಂದ ಹಿಂದೆ ಬರುತ್ತಾಳೆ, ಬೇಕಾದರೆ ಕೇಳು. ಸಕ್ಕರೆ ಹಿಡಿತದಲ್ಲಿದೆ. ಬೀಡಿಯ ಆಸೆ ಹೋಗಿಲ್ಲ. ಆಸೆ ಬಂದಾಗ ಲವಂಗ ಕಚ್ಚುತ್ತೇನೆ, ಲವಂಗ ಸಾಲದಿದ್ದರೆ ಲಿಂಗಣ್ಣನನ್ನು ರೇಗಿಸುತ್ತೇನೆ.

ಈ ಕಾಗದ ಬರೆಯಲು ಕಾರಣ ನಿನ್ನೆ ನಡೆದ ಸಂಗತಿ. ಸೊಪ್ಪು ಮುರಿದ ಮೇಲೆ ಬಿತ್ತಿದ್ದ ರಾಗಿ ಕೊಯ್ದು ಕಣಕ್ಕೆ ಹಾಕಿದ್ದೆವು. ಒಕ್ಕಣೆ ಮುಗಿದು ರಾಶಿ ಮಾಡಿದ್ದರು. ರಾಶಿಗೆ ಪೂಜೆ ಮಾಡುವವನು ಮನೆಯ ಯಜಮಾನ, ಅಂದರೆ ನಾನು. ನಿನಗೆ ಗೊತ್ತಲ್ಲ, ಕಣದ ಒಳಗೆ ಮೆಟ್ಟು ಹಾಕಿಕೊಂಡು ಯಾರೂ ಕಾಲಿಡುವುದಿಲ್ಲ. ನಮ್ಮಪ್ಪ ಕಣಕ್ಕೆ ಬರುವ ಮುಂಚೆ ಕಾಲು ತೊಳೆದು ಬರುತ್ತಿದ್ದ. ನಾನು ಆಸ್ಪತ್ರೆಯವರು ಬರೆದುಕೊಟ್ಟ ದಪ್ಪ ಅಟ್ಟೆಯ ಚಪ್ಪಲಿ ಹಾಕಿಕೊಂಡು ಕಣದ ಅಂಚಿನಲ್ಲಿ ನಿಂತೆ. ಜನ ಎಲ್ಲ ನನ್ನ ಕಾಲನ್ನೇ ನೋಡುತ್ತಿದ್ದರು. ಕಣದಲ್ಲಿ ರಾಗಿಯ ಕೂಳೆ, ಚೂಪು ಕಲ್ಲು ಎಲ್ಲ ಇರುತ್ತದೆ. ಆದರೂ ಒಂದು ಗಳಿಗೆಯ ಮಾತು, ಬಿಚ್ಚಿಬಿಡೋಣ, ಬೃಂದಾಳಿಗೆ ಏನು ಗೊತ್ತಾಗುತ್ತದೆ ಎಂದು ನಾನು ಬಗ್ಗಿದೆ. ನಿಜ ಹೇಳುತ್ತಿದ್ದೇನೆ, ಬಗ್ಗಿದೆ.

ಸುನಂದ ಮೊರ ಕೆಳಗಿಟ್ಟು ಬಂದಳು. ನನ್ನ ಕೈ ಹಿಡಿದು ನಿಲ್ಲಿಸಿದಳು. ತಾನೇ ಕುಕ್ಕರುಗಾಲಲ್ಲಿ ಕೂತು, ತಂಬಿಗೆಯ ನೀರಿನಿಂದ ಚಪ್ಪಲಿಯನ್ನು ಕಾಲಲ್ಲಿದ್ದಂತೆಯೇ ತೊಳೆದಳು. ನೆಂಟರಲ್ಲಿ ಯಾರೋ, ಏನ್ ಸುನಂದಕ್ಕ, ಮೆಟ್ಟಿಗೆ ಪಾದಪೂಜೆ ಮಾಡ್ತಾ ಇದ್ದೀಯ ಎಂದು ನಕ್ಕರು. ಅವಳು ತಿರುಗಿ ನೋಡಲಿಲ್ಲ. ಎದ್ದು ರಾಶಿಗೆ ಕೈ ಮುಗಿದಳು.

“ತಾಯಿ, ಇವ್ರು ಮೆಟ್ ಹಾಕ್ಕಂಡೇ ಒಳೀಕ್ ಬತ್ತಾರೆ. ತಪ್ಪಾದ್ರೆ ನಂಗಾಗ್ಲಿ. ಕಾಲಿದ್ರೆ ತಾನೇ ಬರೋ ವರ್ಸಾನೂ ನಿನ್ ತಾವ್ಕೆ ಬರೋದು,” ಎಂದಳು.

ನಾನು ಚಪ್ಪಲಿ ಕಾಲಿನಲ್ಲೇ ಕಣದೊಳಕ್ಕೆ ಇಳಿದೆ. ರಾಶಿಗೆ ಹೂವಿಟ್ಟೆ, ಕಾಯಿ ಒಡೆದೆ. ಕಾಯಿ ಒಂದೇ ಏಟಿಗೆ ಎರಡು ಹೋಳಾಯಿತು, ಅದನ್ನು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನನ್ನ ಹಿಂದೆ ಲಿಂಗಣ್ಣನೂ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಚಪ್ಪಲಿಗೆ ನೀರು ಚಿಮುಕಿಸಿಕೊಂಡು ಒಳಗೆ ಬಂದ.

ಭೂಮಿತಾಯಿ ಏನೂ ಅನ್ನಲಿಲ್ಲ. ಸುನಂದ ಮಾತ್ರ, ನಾನು ಚಪ್ಪಲಿ ಬಿಚ್ಚಲು ಬಗ್ಗಿದ್ದಕ್ಕೆ, ಕಣದ ಕಾಳೆಲ್ಲ ಬಳಿದು ಮುಗಿಯುವವರೆಗೂ ಬೈದಳು. ಎಷ್ಟು ದಿನವಾಗಿತ್ತು ಅವಳು ಹಾಗೆ ಬಾಯಿತುಂಬ ಬೈದು. ರಾಶಿಯ ಪಕ್ಕದಲ್ಲಿ ಕೂತು, ಕಾಲು ನೀಡಿಕೊಂಡು, ಎಲ್ಲವನ್ನೂ ಕೇಳಿಸಿಕೊಂಡೆ.

ನಿನ್ನ ಮಾವ,
ಚೆಲುವಯ್ಯ